ಮಡಕೆಯ ಹಿಂದೆ ಸೇರಿಕೊಂಡ ಆರು ಮೀನು

ಚಿಕ್ಕಮ್ಮ,

ನಿಮ್ಮ ಆರು ಮೀನುಗಳನ್ನು ಭಾನುವಾರ ನಮ್ಮ ಮನೆಗೆ ತಂದೆ. ನೀವು ತೀರಿಹೋದಮೇಲೆ ಆ ಮನೆಯಲ್ಲಿ ಅವನ್ನು ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಮೀನಿದ್ದ ಚೀಲವನ್ನು ಹೊಸ ಗಾಜಿನ ತೊಟ್ಟಿಯಲ್ಲಿ ತೇಲಿಬಿಟ್ಟು, ಲೋಟ ಲೋಟವಾಗಿ ನೀರು ಬೆರೆಸಿ, ಆಮೇಲೆ ಬಿಟ್ಟೆ. ಆರೂ ಸೀದಾ ತೊಟ್ಟಿಯೊಳಗೆ ಇಟ್ಟಿದ್ದ ಮಡಕೆಯ ಹಿಂದೆ ಸೇರಿಕೊಂಡವು. ಎರಡು ದಿನ ಒಂದು ಕಾಳೂ ಮುಟ್ಟಲಿಲ್ಲ. ಗಾಜು ತಟ್ಟಿ ಕರೆದೆ. ಮೀನಿನ ಅಂಗಡಿಯವರಿಗೆ ಫೋನ್ ಮಾಡಿದರೆ ರೇಗಿದರು: "ತಟ್ಟಬೇಡಿ ಮೇಡಂ! ಲೈಟ್ ಆರಿಸಿ, ಮೂರು ಕಡೆ ಪೇಪರ್ ಅಂಟಿಸಿ. ಅವಕ್ಕೆ ನಾಚಿಕೆ ಜಾಸ್ತಿ, ಸುಮ್ನೆ ಬಿಟ್ಟುಬಿಡಿ." ಹಾಗೇ ಮಾಡಿದೆ.

ಇವತ್ತು ಆಸ್ಪತ್ರೆಯಲ್ಲಿ ಎರಡು ಪಾಳಿ ಮುಗಿಸಿ ಬಂದವಳಿಗೆ ಕುರ್ಚಿವರೆಗೆ ಹೋಗುವ ತ್ರಾಣವೂ ಇರಲಿಲ್ಲ. ತೊಟ್ಟಿಯ ಮುಂದೆ ನೆಲದ ಮೇಲೇ ಕುಸಿದು ಕೂತೆ. ಎಷ್ಟು ಹೊತ್ತಾಯಿತೋ, ಒಂದು ಮೀನು ಮೂತಿ ಹೊರಗಿಟ್ಟಿತು. ಅದರ ಹಿಂದೆಯೇ ಉಳಿದವೂ ಬಂದು ಕಾಳಿಗೆ ಬಾಯಿ ಹಾಕಿದವು.

ನಮ್ಮವರು ಅಡುಗೆಮನೆಯಿಂದ ಇಣುಕಿ, "ಊಟಕ್ಕೆ ಏಳ್ತೀಯಾ?" ಎಂದರು.

"ಶ್, ತಿಂತಿವೆ," ಎಂದೆ.

ಅವರು ಎರಡೂ ತಟ್ಟೆಗಳನ್ನು ನೆಲಕ್ಕೇ ತಂದಿಟ್ಟು ಪಕ್ಕದಲ್ಲಿ ಕೂತರು.

ಅಪ್ಪನನ್ನು ಮದುವೆಯಾಗಿ ನೀವು ನಮ್ಮ ಮನೆಗೆ ಬಂದಾಗ ನನಗೆ ಹನ್ನೆರಡು ವರ್ಷ. ನಾವು ಮೇಜಿಗೆ ಕೂತು ಉಣ್ಣುವಾಗ ನೀವು ಅಡುಗೆಮನೆಯಲ್ಲೇ ತಟ್ಟೆ ಹಿಡಿದು ನಿಂತಿರುತ್ತಿದ್ದಿರಿ. "ಚಿಕ್ಕಮ್ಮನ್ನ ಕರಿಯೇ," ಎಂದು ಅಪ್ಪ ದಿನಾ ಹೇಳುತ್ತಿದ್ದರು. ನಾನು ಕೇಳಿಸದವಳ ಹಾಗೆ ತಿನ್ನುತ್ತಿದ್ದೆ.

ಎಷ್ಟು ದಿನ ಹಾಗೆ ನಿಂತೇ ಉಂಡಿರಿ, ಚಿಕ್ಕಮ್ಮ?