ಪಕ್ಕದ ಕೋಣೆಯ ಕಸ್ಟಮರ್ ಕೇರ್

ಮಾರ್ಚ್ 2, ಸೋಮವಾರ

ಮತ್ತೆ ಹೋಯ್ತು. ರೂಟರ್ ಆಫ್ ಮಾಡಿದೆ, ಆನ್ ಮಾಡಿದೆ. ಹಸಿರು ದೀಪ ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಆ ದರಿದ್ರ ಚಕ್ರ ತಿರುಗುತ್ತಲೇ ಇತ್ತು.

ಹತ್ತೂವರೆಗೆ ಶುರುವಾದ ಡೆಮೊ ಕ್ಲಾಸ್ ಸರಿಯಾಗಿ ಹನ್ನೊಂದಕ್ಕೆ, ಅರ್ಧಕ್ಕೇ ನಿಂತಿತು. ಎಂಟನೇ ಕ್ಲಾಸಿನ ಸಮೀಕರಣ. ಎಕ್ಸ್ ಅನ್ನು ಈ ಕಡೆ ತರುವಷ್ಟರಲ್ಲಿ ನಾನೇ ಮಾಯ. ಮದುವೆಗೆ ಮುಂಚೆ ಲೆಕ್ಕದ ಟೀಚರ್ ಆಗಿದ್ದವಳು. ಇಷ್ಟು ವರ್ಷದ ಮೇಲೆ ಒಂದು ಆನ್‌ಲೈನ್ ಶಾಲೆ ಕರೆದರೆ, ಹೀಗೆ. ಹೆಡ್‌ಮಿಸ್ ಒಳ್ಳೆಯವರು. ಶನಿವಾರ ಹನ್ನೊಂದಕ್ಕೆ ಇನ್ನೊಂದು ಸಲ ನೋಡೋಣ, ಅದೇ ಕೊನೆ ಅಂದರು.

ಇವರಿಗೆ ಹೇಳಿದೆ. ಇಂಟರ್ನೆಟ್ ಕಂಪನಿಯ ಕಸ್ಟಮರ್ ಕೇರ್‌ನಲ್ಲೇ ಕೆಲಸ, ಅದೂ ಮನೆಯಿಂದ. ನಮ್ಮ ವೈಫೈ ಕೂಡ ಅದೇ ಕಂಪನಿಯದು. ತಲೆ ಎತ್ತದೆ ಅಂದರು: "ನಿನ್ನ ಲ್ಯಾಪ್‌ಟಾಪೇ ಓಬೀರಾಯನ ಕಾಲದ್ದು."

ಮಾರ್ಚ್ 3

ರೂಟರನ್ನು ಟಿವಿ ಪಕ್ಕದಿಂದ ತೆಗೆದು ಬೀರು ಮೇಲಿಟ್ಟೆ. ಕೇಬಲ್ ಬದಲಾಯಿಸಿದೆ. ಮೈಕ್ರೋವೇವ್ ಪ್ಲಗ್ ಕಿತ್ತೆ. ಊಹೂಂ. ಅತ್ತೆಯ ಫೋನಿನಲ್ಲಿ ಧಾರಾವಾಹಿ ಮಾತ್ರ ಒಂದು ಕ್ಷಣವೂ ನಿಲ್ಲಲಿಲ್ಲ.

ಪಕ್ಕದ ಕೋಣೆಯಿಂದ ದಿನವಿಡೀ ಬೆಣ್ಣೆಯಂಥ ದನಿ. "ನಿಮಗಾದ ತೊಂದರೆಗೆ ಕ್ಷಮೆ ಇರಲಿ ಮೇಡಂ." ಊರ ಹೆಂಗಸರಿಗೆಲ್ಲ ಕ್ಷಮೆ. ಬಾಗಿಲು ತೆರೆದು ಹೊರಗೆ ಬಂದರೆ, "ಲೇ, ನೀರು."

ರಾತ್ರಿ ಊಟಕ್ಕೆ ಮುಖ ಗಂಟು ಹಾಕಿಕೊಂಡು ಕೂತರು. ಯಾರದೋ ಕಾಲ್ ಮಧ್ಯದಲ್ಲಿ ಕಟ್ ಮಾಡಿದರಂತೆ, ಮೆಮೊ ಬಂದಿದೆ. ಈ ವಾರ ಇವರ ಒಂದೊಂದು ಕಾಲನ್ನೂ ಸೂಪರ್‌ವೈಸರ್ ಕೂತು ಕೇಳುತ್ತಾಳಂತೆ. ಒಳ್ಳೇದೇ ಆಯ್ತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಬೇಜಾರೇನೂ ಆಗಲಿಲ್ಲ.

ಮಾರ್ಚ್ 5, ಗುರುವಾರ

ಲ್ಯಾಪ್‌ಟಾಪ್ ಹೊತ್ತುಕೊಂಡು ಪಕ್ಕದ ಮನೆ ಅಕ್ಕನಲ್ಲಿಗೆ ಹೋದೆ. ಅವರ ವೈಫೈಯಲ್ಲಿ ಓಡಿತು ನೋಡು, ನೀರು ಹರಿದ ಹಾಗೆ. ವಾಪಸ್ ಬಂದು ಅತ್ತೆಯ ಫೋನಿನಲ್ಲಿ ಕ್ಲಾಸಿನ ಆ್ಯಪ್ ತೆರೆದೆ. ಅದೂ ಓಡಿತು.

ಲ್ಯಾಪ್‌ಟಾಪ್ ಸರಿ. ವೈಫೈ ಸರಿ. ಹಾಗಾದರೆ ನಡುವೆ ಯಾರೋ ಕೂತಿದ್ದಾರೆ.

ನೇರ ಕೇಳಿದೆ, "ನೀವೇನಾದ್ರೂ ಮಾಡಿದೀರಾ?"

"ನನಗೆ ಬೇರೆ ಕೆಲ್ಸ ಇಲ್ವಾ? ಕಂಪ್ಲೇಂಟ್ ಇದ್ರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡು. ಎಲ್ಲರ ಹಾಗೆ ಲೈನಲ್ಲಿ ನಿಂತ್ಕೋ."

ಅತ್ತೆ ಕಿಸಕ್ಕನೆ ನಕ್ಕರು. ಮೈಯೆಲ್ಲ ಉರಿಯಿತು.

ಮಾರ್ಚ್ 6, ಮಧ್ಯಾಹ್ನ

ಊಟ ಬಿಟ್ಟು ಬರೆಯುತ್ತಿದ್ದೇನೆ. ಸಿಟ್ಟಿಗೋ ಖುಷಿಗೋ…

ಫೋನ್ ಮಾಡಿದೆ. ಕನ್ನಡ ಲೈನಿಗೆ ಶಿಫ್ಟಿನಲ್ಲಿ ಇಬ್ಬರೇ ಅಂತ ಇವರೇ ಗೊಣಗಿದ್ದರು. ಇನ್ನೊಬ್ಬಳು ಊಟಕ್ಕೆ ಎದ್ದು ಹೋಗುವ ಹೊತ್ತು ನೋಡಿಯೇ ಮಾಡಿದೆ. ಗೋಡೆಯಾಚೆ ರಿಂಗಾಯಿತು.

"ನಮಸ್ಕಾರ, ನಿಮ್ಮ ಹೆಸರು ತಿಳಿಸ್ತೀರಾ ಮೇಡಂ?"

ಹೇಳಿದೆ. ಅಪ್ಪನ ಹೆಸರೂ ಸೇರಿಸಿ, ಬಿಡಿಸಿ ಬಿಡಿಸಿ. ಆ ಕಡೆ ಕೀಬೋರ್ಡ್ ಸದ್ದು ನಿಂತಿತು. ಕಟ್ ಮಾಡುವ ಹಾಗಿಲ್ಲ, ಬೈಯುವ ಹಾಗಿಲ್ಲ. ಸೂಪರ್‌ವೈಸರ್ ಕೇಳುತ್ತಿದ್ದಾಳೆ.

"ನನ್ನ ಲ್ಯಾಪ್‌ಟಾಪಿಗೆ ಮಾತ್ರ ನೆಟ್ ಬರ್ತಿಲ್ಲ. ಯಾಕೆ ಅಂತ ನೋಡಿ ಹೇಳಿ."

"ಅದಕ್ಕೆ… ಹಗಲಲ್ಲಿ, ಹನ್ನೊಂದರ ಮೇಲೆ ನೆಟ್ ಸಿಗದ ಹಾಗೆ ಮಾಡಿದಾರೆ ಮೇಡಂ."

"ರೂಟರಿನ ಲಿಸ್ಟಲ್ಲಿ ನನ್ನ ಲ್ಯಾಪ್‌ಟಾಪಿನ ಹೆಸರು ಏನಂತಿದೆ?"

"ಅಡುಗೆಮನೆ ಅಂತ ಇದೆ, ಮೇಡಂ."

ಅಡುಗೆಮನೆ! ನಗು ಬಂತು, ಹಿಂದೆಯೇ ಅಳು.

"ಯಾರು ಮಾಡಿದ್ದು?"

"ರೂಟರಿನ ಪಾಸ್‌ವರ್ಡ್ ಇರೋರು ಮಾಡಿರ್ತಾರೆ. ಖಾತೆ ಯಾರ ಹೆಸರಲ್ಲಿದೆಯೋ ಅವರು."

"ಅವರ ಹೆಸರು?"

ತಮ್ಮ ಹೆಸರು ತಾವೇ ಹೇಳಿದರು. ಕಳ್ಳನ ದನಿ. ಪಾಸ್‌ವರ್ಡ್ ಬದಲಾಯಿಸಿ ಕೊಡಿ ಅಂದೆ. ಅದಕ್ಕೆ ಖಾತೆದಾರರ ಒಪ್ಪಿಗೆ ಬೇಕು ಮೇಡಂ ಅಂದರು.

"ಪಕ್ಕದ ಕೋಣೆಯಲ್ಲೇ ಇದ್ದಾರೆ. ಕೇಳಿ ಹೇಳಿ, ನಾನು ಕಾಯ್ತೀನಿ."

ನನ್ನನ್ನು ಹೋಲ್ಡಿನಲ್ಲಿಟ್ಟರು. ಸಂಗೀತ ಬಂತು. ಗೋಡೆಯಾಚೆ ಕುರ್ಚಿ ಕಿರುಗುಟ್ಟಿತು. ಏನೋ ನೆಲಕ್ಕೆ ಬಡಿದ ಸದ್ದು. ಆಮೇಲೆ ಮತ್ತೆ ಬೆಣ್ಣೆ: "ಕಾದಿದ್ದಕ್ಕೆ ಧನ್ಯವಾದ ಮೇಡಂ. ಒಪ್ಪಿದಾರೆ. ನಿಮ್ಮ ಫೋನಿಗೆ ಲಿಂಕ್ ಬರುತ್ತೆ, ಹೊಸ ಪಾಸ್‌ವರ್ಡ್ ನೀವೇ ಹಾಕ್ಕೊಳ್ಳಿ. ಅದನ್ನ ಯಾರಿಗೂ ಹೇಳ್ಬೇಡಿ. ನಮ್ಮ ಸಿಬ್ಬಂದಿಗೂ."

"ಖಂಡಿತ ಹೇಳಲ್ಲ ಸಾರ್," ಅಂದೆ.

ರಾತ್ರಿ

ಇವರು ಊಟ ಮಾಡಲಿಲ್ಲ. ತಟ್ಟೆ ದೂಡಿ ಎದ್ದರು. ಅತ್ತೆಗೆ ಹೇಳುವ ಹಾಗೆ ನನಗೆ ಹೇಳಿದರು: "ಒಂದು ಮನೇಲಿ ಇಬ್ಬಿಬ್ಬರು ಬಾಯಿ ಮಾಡ್ತಾ ಕೂತ್ರೆ ನನ್ನ ಕೆಲ್ಸ ಹಾಳಾಗುತ್ತೆ. ಅದಕ್ಕೇ ಮಾಡಿದ್ದು. ತಪ್ಪೇನು?"

ಈ ಮನುಷ್ಯನನ್ನು ಕಂಡರೆ ನನಗಾಗುವುದಿಲ್ಲ. ಬರೆದೇ ಬಿಟ್ಟೆ. ಬರೆದ ಮೇಲೆ ಅಳಿಸಬೇಕು ಅನ್ನಿಸಲಿಲ್ಲ.

ಮಾರ್ಚ್ 7, ಶನಿವಾರ, 10.40

ಸೀರೆ ಉಟ್ಟು ಕೂತಿದ್ದೇನೆ. 'ಅಡುಗೆಮನೆ'ಯ ತಡೆ ನಾನೇ ತೆಗೆದೆ, ನೆಟ್ ಪೂರ್ತಿ ಇದೆ.

ಹಾಲಿನಲ್ಲಿ ಇವರ ದನಿ. "ಅಮ್ಮಾ, ಟಿವಿ ಸೌಂಡ್ ಇನ್ನೂ ಜಾಸ್ತಿ ಮಾಡಮ್ಮಾ. ಟೀಚರಮ್ಮಂಗೂ ಕೇಳಿಸ್ಲಿ." ಅತ್ತೆ ಮಾಡಿದರು. ಕಿವಿ ಕಿತ್ತುಹೋಗುವಷ್ಟು. ಇವರು ತಮ್ಮ ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಇವರ ಶಿಫ್ಟೂ ಹನ್ನೊಂದಕ್ಕೇ.

ಹೋಗಿ ಟಿವಿ ಪ್ಲಗ್ ಕಿತ್ತೆ. ಅತ್ತೆ ಏನೇನೋ ಅಂದರು. ಕೇಳಲಿಲ್ಲ. ಬಂದು ಚಿಲಕ ಹಾಕಿ ರೂಟರಿನ ಲಿಸ್ಟ್ ತೆರೆದೆ. ಅತ್ತೆಯ ಫೋನ್: 'ಅಮ್ಮ'. ಇವರ ಲ್ಯಾಪ್‌ಟಾಪ್: 'ಕೆಲಸ'. ಅದರ ಎದುರಿಗೊಂದು ಆನ್-ಆಫ್ ಬಟನ್.

ಒತ್ತಿದೆ.

10.56

ಬಾಗಿಲು ಬಡಿಯುತ್ತಿದ್ದಾರೆ. "ಲೇ! ಏನ್ ಮಾಡ್ದೆ? ಹನ್ನೊಂದಕ್ಕೆ ಲಾಗಿನ್ ಆಗ್ಬೇಕು ಕಣೇ. ಇನ್ನೊಂದು ಮೆಮೊ ಬಂದ್ರೆ ಕೆಲ್ಸ ಹೋಗುತ್ತೆ!" ಸ್ವಲ್ಪ ಹೊತ್ತು ಬಿಟ್ಟು, "ನೋಡು, ತಪ್ಪಾಯ್ತು. ಆನ್ ಮಾಡು." ನಿಜವಾಗಿಯೂ ಹೆದರಿದ್ದಾರೆ. ಪಾಪ ಅನ್ನಿಸಬೇಕಿತ್ತು.

ಮಕ್ಕಳು ಒಬ್ಬೊಬ್ಬರೇ ಸ್ಕ್ರೀನಿಗೆ ಬರುತ್ತಿದ್ದಾರೆ. ಹೆಡ್‌ಮಿಸ್ ಬಂದರು.

ಮಾಡ್ತೀನಿ. ನಾನೇನು ಅವರಷ್ಟು ಕೆಟ್ಟವಳಲ್ಲ. ಖಂಡಿತ ಆನ್ ಮಾಡ್ತೀನಿ, ಇದೊಂದು ಕ್ಲಾಸ್ ಮುಗಿದ ಮೇಲೆ.