ಗಾಳದ ಹಿಮ್ಮುಳ್ಳು

ಘಾಜಿಯಾಬಾದ್
10 ಫೆಬ್ರವರಿ 2025

ಚಿ. ಹರ್ಷಿಣಿಗೆ,

ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಆರೋಗ್ಯ. ಮೈಸೂರಿನಲ್ಲಿ ಚಂದ್ರಶೇಖರ ಮಾವನ ಮನೆಯಲ್ಲಿರುವ ನಿನ್ನ ಮಣಿಕಟ್ಟಿನ ಪ್ಲಾಸ್ಟರ್ ತೆಗೆದರೆಂದು ಕೇಳಿ ಅಮ್ಮನಿಗೂ ನನಗೂ ಸಮಾಧಾನವಾಯಿತು. ಬರೆಯಲು ತಡವಾದದ್ದಕ್ಕೆ ಬೇಸರಿಸಬೇಡ. ನನ್ನ ಬಲಗೈಯ ಬೆರಳುಗಳ ಪಟ್ಟಿ ಬಿಚ್ಚಿದ್ದು ನಿನ್ನೆ. ಅಪ್ಪ ಮೆಟ್ಟಿಲಲ್ಲಿ ಜಾರಿದರು ಎಂದು ಅಮ್ಮ ಫೋನಿನಲ್ಲಿ ಹೇಳಿದ್ದಳಲ್ಲ, ಅದು ನಿಜವಲ್ಲ. ನಿಜವನ್ನು ಇಲ್ಲಿ ಬರೆಯುತ್ತೇನೆ. ಫೋನಿನಲ್ಲಾದರೆ ನೀನು ಅಳುತ್ತೀಯ, ನಾನು ಮಾತು ನಿಲ್ಲಿಸಿಬಿಡುತ್ತೇನೆ.

ಮೊದಲು ನಿನ್ನ ಉಡುಗೊರೆಯ ವಿಷಯ. ನನ್ನ ನಿವೃತ್ತಿಗೆಂದು ಕೊಟ್ಟ ಫ್ಲೈ ರಾಡ್, ಮೀನು ಹಿಡಿಯುವ ಆ ಗಾಳದ ಕೋಲು, ಹೇಗಿದೆ ಎಂದು ನೀನು ಎರಡು ಸಲ ಕೇಳಿದ್ದೆ. ತೀರಾ ಅಗ್ಗದ್ದಲ್ಲ, ದೊಡ್ಡ ಸಾಹೇಬರು ಕೊಳ್ಳುವಂಥದ್ದೂ ಅಲ್ಲ, ನಡುವಿನದು. ಆ ಬೆಲೆಗೆ ಒಳ್ಳೆಯದೇ. ನಾಲ್ಕು ತುಂಡು ಸೇರಿಸಿದರೆ ಒಂಬತ್ತು ಅಡಿ, ಕೈಯಲ್ಲಿ ಹಿಡಿದದ್ದೇ ತಿಳಿಯದಷ್ಟು ಹಗುರ. ಮೂವತ್ತು ಅಡಿಯವರೆಗೆ ದಾರ ನೆಟ್ಟಗೆ ಹೋಗಿ, ಇಟ್ಟ ಗುರಿಯ ಮೇಲೆ ಹೂವಿನಂತೆ ಇಳಿಯುತ್ತದೆ. ಅದಕ್ಕಿಂತ ದೂರಕ್ಕೆ ಬೀಸಿದರೆ ತುದಿ ಸೋಲುತ್ತದೆ, ಎದುರುಗಾಳಿಯಲ್ಲಂತೂ ದಾರ ಮಡಿಚಿಕೊಂಡು ಕಾಲಬಳಿಯೇ ಬೀಳುತ್ತದೆ. ಅವಸರ ಮಾಡಿದರೆ ಕೋಲು ಒಪ್ಪುವುದಿಲ್ಲ. ಹಿಂದಕ್ಕೆ ಬೀಸಿದ ದಾರ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಕೀಲುಗಳು ಬೇಗ ಸಡಿಲಾಗುತ್ತವೆ. ಮೇಣದಬತ್ತಿ ಉಜ್ಜಿದ ಮೇಲೆ ಸರಿಹೋಯಿತು. ದಾರ ಸುತ್ತುವ ರೀಲ್ ಮಾತ್ರ ಕಳಪೆ.

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಅಭ್ಯಾಸ ಮಾಡುತ್ತಿದ್ದೆ. ನೀನು ಹೇಳಿಕೊಟ್ಟಂತೆ ಕೊಕ್ಕೆಯ ಬದಲು ತುದಿಗೆ ಕೆಂಪು ಉಣ್ಣೆಯ ಎಳೆ ಕಟ್ಟಿಕೊಂಡೇ. ವಾಚ್‌ಮನ್ ಶುಕ್ಲಾ ಮಾತ್ರ ಪ್ರತಿ ವಾರ, "ಅಂಕಲ್‌ಜೀ, ಹುಲ್ಲಿನಲ್ಲಿ ಮೀನು ಸಿಕ್ಕಿತಾ" ಎಂದು ಕೆಣಕುತ್ತಿದ್ದ.

ಜನವರಿಯ ಮೂರನೆಯ ಭಾನುವಾರ ನಾನು ಎರಡು ತಪ್ಪು ಮಾಡಿದೆ. ಮಾರ್ಚಿನಲ್ಲಿ ಹಿಮಾಚಲದ ತೀರ್ಥನ್ ನದಿಗೆ ಮೀನು ಹಿಡಿಯಲು ಹೋಗುವವರು ನಾವು, ನಿಜವಾದ ಕೊಕ್ಕೆಯ ತೂಕ ಗೊತ್ತಾಗಲಿ ಎಂದು ದೆಹಲಿಯ ಕರೋಲ್ ಬಾಗಿನಿಂದ ತಂದ, ಗರಿಯಿಂದ ಹುಳುವಿನಂತೆ ಮಾಡಿದ ಕೊಕ್ಕೆ ಕಟ್ಟಿದೆ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಚಾಚಿದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು, ಆಗ ಮೀನಿಗೆ ಗಾಯವಾಗದೆ ಬಿಡಿಸಬಹುದು ಎಂದು ನೀನು ಹೇಳಿದ್ದೆ. ನಾಳೆ ಒತ್ತಿದರಾಯಿತು ಎಂದುಕೊಂಡೆ. ಎರಡನೆಯದು ನನ್ನ ಹಳೆಯ ಅಭ್ಯಾಸ, ಹಿಂದೆ ನೋಡದೆ ಬೀಸುವುದು.

ಮಂಜು ದಟ್ಟವಾಗಿತ್ತು. ನಾನು ಕೆಳಗಿದ್ದಾಗ ನಿನ್ನ ಗಂಡ ವಿಕ್ರಮ್ ಗುರುಗ್ರಾಮದಿಂದ ಬಂದು ಮನೆಗೆ ಹತ್ತಿದ್ದ. ನಿನ್ನ ಕೈಯನ್ನು ಬಾಗಿಲ ಸಂದಿಗೆ ಸಿಕ್ಕಿಸಿ ಮುರಿದ ಮೇಲೆ ಅವನು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ನಿನ್ನ ಸೂಟ್‌ಕೇಸ್ ಕೇಳಿದನಂತೆ. ಅಮ್ಮ ಕೊಡುವುದಿಲ್ಲ ಎಂದು ಅಡ್ಡ ನಿಂತಳು. ಅವಳ ತಲೆಯನ್ನು ಚೌಕಟ್ಟಿಗೆ ಗುದ್ದಿ, ಸೂಟ್‌ಕೇಸ್ ಎತ್ತಿಕೊಂಡು ಇಳಿದ. ಗೇಟಿಗೆ ಹತ್ತಿರದ ದಾರಿಯೆಂದು ಪಾರ್ಕಿನೊಳಗೆ ನನ್ನ ಬೆನ್ನ ಹಿಂದೆಯೇ ಹಾದುಹೋಗುತ್ತಿದ್ದ.

ಹಿಂದಕ್ಕೆ ಬೀಸಿದ ದಾರ ಮುಂದಕ್ಕೆ ಬರಲಿಲ್ಲ. ತಿರುಗಿ ನೋಡಿದರೆ ಕೊಕ್ಕೆ ಅವನ ಕಿವಿಯ ಮೇಲ್ಭಾಗದಲ್ಲಿ ಸಿಕ್ಕಿತ್ತು.

"ಮಾವ, ದಾರ ಸಡಿಲ ಬಿಡಿ" ಎಂದ. ಕಿರುಚಲಿಲ್ಲ, ಮೆಲ್ಲಗೇ ಹೇಳಿದ.

ಬಾಲ್ಕನಿಯಲ್ಲಿ ನಿಂತ ಅಮ್ಮನ ಹಣೆಯ ರಕ್ತ ಕಂಡಿತು. ನಾನು ದಾರವನ್ನು ಎಡಗೈಗೆ ಸುತ್ತಿಕೊಂಡು ಕೋಲನ್ನು ಮೇಲಕ್ಕೆ ಸೆಳೆದೆ. ಕೋಲು ಹಿಡಿಯವರೆಗೂ ಬಾಗಿತು, ಆದರೆ ಮುರಿಯಲಿಲ್ಲ. ಅವನು ಮಂಡಿಯೂರಿದ. ಇನ್ನೊಮ್ಮೆ ಸೆಳೆದೆ. ಕಿವಿ ಹರಿದು ಕೊಕ್ಕೆ ಬಿಟ್ಟುಕೊಂಡಿತು. ಅವನ ಬಿಳಿ ಜಾಕೆಟ್ಟಿನ ಒಂದು ತೋಳು ಪೂರ್ತಿ ಕೆಂಪಾಯಿತು.

ಆಮೇಲೆ ಅವನ ಸರದಿ. ಕೋಲು ಕಿತ್ತುಕೊಂಡು ಮುಖಕ್ಕೆ ಬಾರಿಸಿದ, ನಾನು ಬಿದ್ದ ಮೇಲೆ ಬೂಟಿನಿಂದ ಬಲಗೈ ಬೆರಳುಗಳನ್ನು ತುಳಿದ. ಶುಕ್ಲಾ ಲಾಠಿ ಬೀಸಿ ಅವನ ಬೆನ್ನಿಗೆ ಹೊಡೆಯುವವರೆಗೂ ಬಿಡಲಿಲ್ಲ. ಆ ಹೊಡೆದಾಟದಲ್ಲಿ ಕೋಲು ಎರಡನೆಯ ತುಂಡಿನಲ್ಲಿ ಮುರಿಯಿತು. ಎಷ್ಟು ಎಳೆದರೂ ತಡೆಯುವ ಕೋಲು ಅಡ್ಡ ಏಟು ತಡೆಯುವುದಿಲ್ಲ. ಕೊಳ್ಳುವವರಿಗೆ ಇದನ್ನೂ ಹೇಳಬೇಕು.

ಪೊಲೀಸ್ ಚೌಕಿಯಲ್ಲಿ ಸಬ್‌ ಇನ್‌ಸ್ಪೆಕ್ಟರ್ ಹರಿದ ಕಿವಿಯನ್ನೂ ನನ್ನನ್ನೂ ನೋಡಿ, "ಅಂಕಲ್‌ಜೀ, ಮಛ್ಲೀ ತೋ ಬಡೀ ಥೀ", ಮೀನೇನೋ ದೊಡ್ಡದೇ ಇತ್ತು, ಎಂದರು. ಮನೆಯ ವಿಷಯ, ರಾಜಿಯಾಗಿ ಎಂದೂ ಹೇಳಿದರು. ಅಮ್ಮ ಒಪ್ಪಲಿಲ್ಲ. ಹಣೆಯ ಹೊಲಿಗೆ ತೋರಿಸಿ ದೂರು ಬರೆಸಿಯೇ ಎದ್ದಳು. ಅವನೂ ನನ್ನ ಮೇಲೆ ಬರೆಸಿದ್ದಾನೆ. ಅದು ನನ್ನ ತಲೆನೋವು, ನೀನು ಚಿಂತಿಸಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಮಣಿಕಟ್ಟಿಗೆ ಎಣ್ಣೆ ತಿಕ್ಕುವುದನ್ನು ನಿಲ್ಲಿಸಬೇಡ. ಮಾವನಿಗೂ ಅತ್ತೆಗೂ ನಮ್ಮ ನಮಸ್ಕಾರ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಇಂದುಶೇಖರ

ಮರೆತದ್ದು: ಚೌಕಿಯಲ್ಲಿ ನಾನು ಒಂದು ಸುಳ್ಳು ಹೇಳಿದೆ, ಮೇಲೆಯೂ ಅದನ್ನೇ ಬರೆದಿದ್ದೇನೆ. ಅಮ್ಮನ ಹಣೆ ನನಗೆ ಕಂಡದ್ದು ಆಮೇಲೆ. ಆ ಮಂಜಿನಲ್ಲಿ ಬಾಲ್ಕನಿಯೇ ಕಾಣುತ್ತಿರಲಿಲ್ಲ. ಸಡಿಲ ಬಿಡಿ ಎಂದವನು ಇನ್ನೊಂದು ಮಾತು ಹೇಳಿದ. "ಸೂಟ್‌ಕೇಸ್ ತರೋಕೆ ಹರ್ಷಿಣೀನೇ ಹೇಳಿದ್ದು, ಮಾವ. ಭಾನುವಾರ ಬೆಳಿಗ್ಗೆ ಅಪ್ಪ ಪಾರ್ಕಲ್ಲಿರ್ತಾರೆ, ಆಗ ಹೋಗು ಅಂದಳು. ಹೋಳಿ ಹಬ್ಬಕ್ಕೆ ಮುಂಚೆ ನನ್ನ ಹತ್ರ ವಾಪಸ್ ಬರ್ತಾಳೆ." ನಾನು ಸೆಳೆದದ್ದು ಅದನ್ನು ಕೇಳಿದ ಮೇಲೆ. ಅಪ್ಪ ಜಾರಿ ಬಿದ್ದರು ಎಂದು ಅಮ್ಮ ಹೇಳಿದಾಗ ಹೇಗೆ, ಎಲ್ಲಿ ಪೆಟ್ಟಾಯಿತು ಎಂದು ನೀನು ಏನೂ ಕೇಳಲಿಲ್ಲ. ಅವನು ನಿನಗೆ ಆಗಲೇ ಹೇಳಿದ್ದನೇನೋ. ಅಮ್ಮನಿಗೆ ನಾನು ಇದೊಂದನ್ನೂ ಹೇಳಿಲ್ಲ. ಶುಕ್ಲಾ ಎತ್ತಿ ತಂದ ಸೂಟ್‌ಕೇಸ್ ಮತ್ತೆ ಮಂಚದ ಕೆಳಗಿದೆ. ಬೇಕಾದರೆ ನೀನೇ ಬಂದು, ಅಮ್ಮನ ಹಣೆ ನೋಡಿ, ತೆಗೆದುಕೊಂಡು ಹೋಗು.