ನಿಮ್ಮ ಮನೆಗೆಂದು ಇಟ್ಟ ಅನ್ನ

ಖೈರುನ್ನಿಸಾ ಆಪಾ,

ಬೆಳಗ್ಗೆ ದಾಂಡೇಲಿಯಿಂದ ನಿಮ್ಮ ಮಗಳು ನಿಲೋಫರ ಫೋನ್ ಮಾಡಿದಳು. "ಅಮ್ಮಿ ಹೋಗಿಬಿಟ್ಟಳ್ರೀ ಖಾಲಾ" ಅಂದಳು. ಏನೋ ಸಮಾಧಾನ ಹೇಳಿ ಫೋನಿಟ್ಟವಳು ಸೀದಾ ಅಡುಗೆಮನೆಗೆ ಹೋಗಿ, ದೊಡ್ಡ ಪಾತೇಲಿಯಲ್ಲಿ ಅನ್ನಕ್ಕಿಟ್ಟೆ.

ಚರ್ಚಿನ ಪಂಪು ರಿಪೇರಿ ಮಾಡಿ ಬಂದ ನಮ್ಮ ಯಜಮಾನರು ಬಾಗಿಲಲ್ಲೇ ನಿಂತರು. "ಇಷ್ಟೆಲ್ಲಾ ಅನ್ನ ಯಾರಿಗ?"

"ಆಪಾನ ಮನಿಗ್ರೀ. ಇವತ್ತ ಅಲ್ಲಿ ಒಲಿ ಹಚ್ಚೂದಿಲ್ಲಲ್ಲ."

ರಿಟೈರಾದ ಮೇಲೆ ಮಿಷನ್ ಸೇವೆಗೆಂದು ನಾವಿಬ್ಬರೂ ಆಫ್ರಿಕಾದ ಮಲಾವಿಗೆ ಬಂದಿದ್ದೇವೆಂಬುದು ಹೇಳಿದ ಮೇಲೆ ನೆನಪಾಯಿತು. ದಾಂಡೇಲಿ ಮಿಲ್ ಕ್ವಾರ್ಟರ್ಸಿನಲ್ಲಿದ್ದ ನಮ್ಮಿಬ್ಬರ ಮನೆಗಳ ನಡುಗೋಡೆ ಇಲ್ಲೆಲ್ಲಿ? ನಮ್ಮವ್ವ ತೀರಿದಾಗ ಅದೇ ಗೋಡೆಯ ಮೇಲಿಂದ ನೀವು ಬುತ್ತಿ ದಾಟಿಸಿ, "ಉಣ್ಣ ಎಸ್ತೇರ, ಅಳಾಕೂ ಹೊಟ್ಯಾಗ ಏನರ ಬೇಕ" ಅಂದಿದ್ದಿರಿ.

ಈ ಕ್ರಿಸ್‌ಮಸ್ಸಿಗೆ ಬರ್ತೇನಿ ಅಂತ ನಿಮಗೆ ಹೇಳಿದ್ದೆ. ಟಿಕೆಟ್ ಇನ್ನೂ ತೆಗೆಸಿರಲಿಲ್ಲ.

ನನ್ನ ಹೊಲಿಗೆ ಕ್ಲಾಸಿನ ಹೆಂಗಸರು ಅಷ್ಟರಲ್ಲಿ ಬಂದರು. ಯಜಮಾನರು ವಿಷಯ ಹೇಳಿದರು. ಒಬ್ಬರೂ ಮಷೀನು ಮುಟ್ಟಲಿಲ್ಲ. ಚಾಪೆ ಹಾಸಿ ನನ್ನ ಸುತ್ತ ಕೂತರು. ಅವರಲ್ಲಿ ಹಿರಿಯಳಾದ ಚಿಸೊಮೊ, ತೀರಿಕೊಂಡವರು ನಿನಗೇನಾಗಬೇಕು ಎಂದು ಕೇಳಿದಳು. ಪಕ್ಕದ ಮನೆಯವರು ಎನ್ನಲು ಬಾಯಿ ಬರಲಿಲ್ಲ. ಅಕ್ಕ ಎಂದೆ.

ನಿಮ್ಮ ಮನೆಗೆಂದು ಮಾಡಿದ ಅನ್ನವನ್ನು ಅವರಿಗೆ ಬಡಿಸಿದೆ. ಚಿಸೊಮೊ ಮೊದಲ ತಟ್ಟೆಯನ್ನು ನನ್ನ ಮುಂದಕ್ಕೆ ತಳ್ಳಿ, ನಾನು ಉಣ್ಣುವವರೆಗೂ ಕಾದಳು. ಗೋಡೆಯಾಚೆಯಿಂದ ನೀವು ಕಾದ ಹಾಗೆಯೇ. ದೇವರು ದೊಡ್ಡವನು, ಆಪಾ.

ಹೋಗುವಾಗ ಅವಳು ನನ್ನ ಇದ್ದಿಲೊಲೆಗೆ ನೀರು ಹಾಕಿ ಆರಿಸಿದಳು. ನಾಳೆಯ ಊಟ ಅವರ ಮನೆಗಳಿಂದ ಬರುತ್ತದಂತೆ. ಇಲ್ಲಿಯವರ ಪ್ರಕಾರ ಸಾವಾಗಿರುವುದು ನಮ್ಮ ಮನೆಯಲ್ಲಿ.